ನಕ್ಷೆ ಕರೆದುಕೊಂಡು ಹೋದ ಜಾಗ

ಶಾಂತಮೂರ್ತಿಯವರಷ್ಟು ತಲೆ ತಿನ್ನುವ ಮನುಷ್ಯ ಕೊಳ್ಳೇಗಾಲದಲ್ಲಿ ಇನ್ನೊಬ್ಬರಿಲ್ಲ. ಅಂಗಡಿ, ಶಾಲೆಗಳಿಗೆ ನಾನು ಮಾಡಿಕೊಡುವ ವೆಬ್‌ಸೈಟುಗಳನ್ನು ಜನ ನೋಡುವ ಮೊದಲು ಓದಿ ತಪ್ಪು ಹುಡುಕುವುದು ಅವರ ಕೆಲಸ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಮಗ್ಗದ ಮನೆಯಲ್ಲಿ ರೇಷ್ಮೆ ಸೀರೆ ಮಗುಚಿ, ಹಿಂಬದಿಗೆ ಬೆರಳಾಡಿಸಿ, ಕಡಿದ ಎಳೆ ಹುಡುಕುತ್ತಿದ್ದವರು. ನನ್ನ ಆಫೀಸಿಗೆ ಬಂದ ಮೇಲೂ ಅದೇ ಚಾಳಿ. ಪುಟದಲ್ಲಿ ಫೋನ್ ನಂಬರ್ ಇದ್ದರೆ ಕರೆ ಮಾಡುತ್ತಾರೆ. ವಿಳಾಸವಿದ್ದರೆ ಹೋಗಿ ಬಾಗಿಲು ತಟ್ಟುತ್ತಾರೆ.

“ಓದುದ್ರೆ ಸಾಲ್ದು ದೀಪಮ್ಮಾ, ಮುಟ್ಟಿ ನೋಡ್ಬೇಕು” ಎನ್ನುತ್ತಾರೆ. ಒಂದು ಪುಟಕ್ಕೆ ಎರಡು ದಿನ! ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ವರ್ಷ ಅವರು ಮಗಳ ಮದುವೆಗೆ ರಜೆ ಹಾಕಿದ್ದಾಗ, ಊರಲ್ಲಿ ಹೊಸದಾಗಿ ತೆರೆದ ಮಕ್ಕಳ ಆಸ್ಪತ್ರೆಯೊಂದರ ಕೆಲಸ ಬಂತು. ಇವರಿಲ್ಲದಿದ್ದರೆ ಎಷ್ಟು ಬೇಗ ಆಗುತ್ತದೆ ತೋರಿಸುತ್ತೇನೆ ಎಂದು ಹಟ ಹಿಡಿದು ಒಂದೇ ದಿನದಲ್ಲಿ ಮುಗಿಸಿದೆ. ಸೈಟು ಮಾರುವವರಿಗೆ ಹಿಂದೆ ಮಾಡಿಕೊಟ್ಟಿದ್ದ ಬಡಾವಣೆಯೊಂದರ ಪುಟ ನಕಲು ಮಾಡಿ ಹೆಸರು, ಚಿತ್ರ, ವೇಳೆ ಎಲ್ಲ ಬದಲಾಯಿಸಿದೆ. ನಕ್ಷೆ ಬದಲಾಯಿಸುವುದು ಮರೆತೆ. ಹದಿನೆಂಟು ದಿನ ಯಾರಿಗೂ ಗೊತ್ತಾಗಲಿಲ್ಲ. ಆಸ್ಪತ್ರೆಯವರಿಗೆ ತಮ್ಮ ಆಸ್ಪತ್ರೆಗೇ ದಾರಿ ನೋಡುವ ಅಗತ್ಯ ಎಲ್ಲಿತ್ತು?

ರಜೆ ಮುಗಿಸಿ ಬಂದ ಶಾಂತಮೂರ್ತಿ ಪುಟ ಓದಿ, ನಕ್ಷೆ ಒತ್ತಿ, ಬೈಕ್ ತೆಗೆದರು. ನಾನು ನಗುತ್ತಲೇ ಹಿಂದೆ ಕೂತೆ. ಫೋನು ನಮ್ಮನ್ನು ಊರಾಚೆಯ ಮಧುವನಹಳ್ಳಿ ದಾಟಿಸಿ ಮಣ್ಣಿನ ದಾರಿಗೆ ಇಳಿಸಿತು. ಕಬ್ಬಿನ ಗದ್ದೆ ಮುಗಿದು ಬರೀ ಪೊದೆ. ಒಂದು ಕಬ್ಬಿಣದ ಗೇಟಿನ ಮುಂದೆ “ನೀವು ತಲುಪಿದ್ದೀರಿ” ಎಂದು ಹೆಣ್ಣುದನಿ ಹೇಳಿತು.

ಗೇಟಿಗೆ ಕಾಂಪೌಂಡ್ ಇರಲಿಲ್ಲ. ನಾನು ನಕಲು ಮಾಡಿದ್ದ ಪುಟದ ಬಡಾವಣೆ ಅದೇ, ಒಳಗೆ ಒಂದೂ ಮನೆಯಿಲ್ಲ. ಮೊಣಕಾಲೆತ್ತರದ ಹುಲ್ಲಿನ ನಡುವೆ ಸೈಟಿನ ಗಡಿಕಲ್ಲುಗಳು ಸಮಾಧಿಗಳಂತೆ ಸಾಲಾಗಿ ನಿಂತಿದ್ದವು. ಮಣ್ಣಿನಲ್ಲಿ ಗಾಲಿಯ ಗುರುತುಗಳು, ಒಂದಲ್ಲ, ಹತ್ತಾರು. ಎಲ್ಲವೂ ಗೇಟಿನವರೆಗೆ ಬಂದು ತಿರುಗಿದ್ದವು. ಜ್ವರದ ಸಿರಪ್ಪಿನ ಬಾಟಲಿ ಬಿದ್ದಿತ್ತು. ಸರಳಿಗೆ ಸಿಕ್ಕಿಸಿದ್ದ ನೋಟ್‌ಬುಕ್ಕಿನ ಹಾಳೆಯನ್ನು ಶಾಂತಮೂರ್ತಿ ಬಿಡಿಸಿದರು.

“ಡಾಕ್ಟ್ರೇ, ಮುಕ್ಕಾಲು ಗಂಟೆ ಕಾದ್ವಿ. ಪಾಪು ಕಣ್ಣು ಬಿಡ್ತಾ ಇಲ್ಲ. ಬೇರೆ ಕಡೆ ಓಯ್ತೀವಿ.”

ಹೆಸರಿಲ್ಲ, ತಾರೀಕಿಲ್ಲ. ಅಲ್ಲೇ ನಿಂತು ಫೋನಿನಲ್ಲೇ ನಕ್ಷೆ ಸರಿಮಾಡಿದೆ. ಶಾಂತಮೂರ್ತಿ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಕಾಮಗೆರೆ, ಹನೂರು, ಯಳಂದೂರು ಎಲ್ಲ ಕಡೆಯ ಆಸ್ಪತ್ರೆಗಳಲ್ಲಿ ವಿಚಾರಿಸಿದೆವು. ಆ ಮಗು ಯಾರದೆಂದು ಇವತ್ತಿಗೂ ಗೊತ್ತಿಲ್ಲ.

ಗೇಟಿಗೆ ಹೋಗಿ ಬಂದ ಮಾರನೆಯ ದಿನದಿಂದ ಶಾಂತಮೂರ್ತಿ ಸಂಜೆ ನಾಲ್ಕಕ್ಕೇ ಎದ್ದು ಹೊರಡತೊಡಗಿದರು. ಆ ಗೇಟಿನ ಹತ್ತಿರ ಹೋಗಿ ಕೂರುತ್ತಾರೆಂದು ತಿಳಿದಾಗ ರೇಗಿದೆ.

“ತಿದ್ದಿ ಆಯ್ತಲ್ಲ ಶಾಂತಣ್ಣ! ಇನ್ನೇನು ಅಲ್ಲಿ?”

“ನೀವು ತಿದ್ದಿದ್ದು ನಿಮ್ ಪುಟನ. ಆ ಹಳೇ ನಕ್ಷೆನ ಜನ ಒಬ್ರಿಗೊಬ್ರು ವಾಟ್ಸಾಪಲ್ಲಿ ಕಳಿಸ್ಕಂಡವ್ರೆ. ಅದ ಯಾರು ತಿದ್ದಾರು? ನೆನ್ನೆನೂ ಒಬ್ರು ಬಂದಿದ್ರು ಕಣವ್ವಾ.”

ತಿಂಗಳಲ್ಲಿ ಹನ್ನೊಂದು ಜನ ಬಂದರಂತೆ. ಹನ್ನೊಂದು ಜನಕ್ಕೂ ಬೈಕಿನಲ್ಲಿ ಮುಂದೆ ಹೋಗಿ ಆಸ್ಪತ್ರೆ ತೋರಿಸಿ ಬಂದಿದ್ದರಂತೆ. ನಾನು ಪೂರ್ತಿ ನಂಬಲಿಲ್ಲ.

ಒಂದು ದಿನ ಅವರು ಜ್ವರದಿಂದ ಮಲಗಿದರು. “ಇವತ್ತೊಂದಿನ ನೀವ್ ಓಗಿ” ಎಂದು ಫೋನಿನಲ್ಲಿ ಅಂಗಲಾಚಿದರು. ಸ್ಕೂಟರಿನಲ್ಲಿ ಹೋಗಿ ಗೇಟಿನ ಮುಂದೆ ಕೂತೆ. ಬಿಸಿಲು ಇಳಿಯಿತು. ಗಾಳಿಯೇ ಇಲ್ಲದಿದ್ದರೂ ಕಲ್ಲುಗಳ ನಡುವೆ ಹುಲ್ಲು ಸರಸರ ಎಂದಿತು. ನನಗೆ ಭಯವಾಯಿತು, ಯಾರೂ ಬರದಿರಲಿ ಎಂದುಕೊಂಡೆ.

ಆಟೋ ಸದ್ದು ಕೇಳಿತು. ಟವೆಲ್ಲಿನಲ್ಲಿ ಮಗುವನ್ನು ಸುತ್ತಿಕೊಂಡ ಹೆಂಗಸೊಬ್ಬಳು ಇಳಿದು ನನ್ನತ್ತ ಓಡಿ ಬಂದಳು.

“ಡಾಕ್ಟ್ರಮ್ಮ ನೀವೇನಾ?”

“ಅಲ್ಲ ಕಣಮ್ಮಾ. ನಿನ್ನ ಇಲ್ಲಿಗೆ ಕರೆಸಿದೋಳು ನಾನು” ಎಂದೆ. “ಆಟೋ ಹತ್ತು, ನನ್ನ ಸ್ಕೂಟರ್ ಹಿಂದೇನೇ ಬಾ.”