ಆಲೆಮನೆಯಲ್ಲಿ ಬಚ್ಚಿಟ್ಟ ನಾಯಿಮರಿ

ನಾನು ಚಿಕ್ಕವಳಿದ್ದಾಗ ನಮ್ಮೂರಿನಲ್ಲಿ ಬುದ್ಧಿವಂತರಿಗೇನೂ ಬರವಿರಲಿಲ್ಲ. ಕಣ್ಣು ಮುಚ್ಚಿಕೊಂಡು ಕಲ್ಲು ಎಸೆದರೂ ಒಬ್ಬ ಬುದ್ಧಿವಂತನ ತಲೆಯ ಮೇಲೇ ಬೀಳುತ್ತಿತ್ತು. ಅವರೆಲ್ಲರಿಗೂ ಗುರು ನಮ್ಮ ದೊಡ್ಡಪ್ಪ, ಅಂದರೆ ನಮ್ಮಪ್ಪನ ಅಣ್ಣ. ಮಳೆ ಯಾವಾಗ ಬರುತ್ತದೆ, ಯಾವ ಎತ್ತು ಒದೆಯುತ್ತದೆ, ಯಾರ ಮಗಳಿಗೆ ಎಂಥ ಗಂಡು ಸಿಗುತ್ತಾನೆ, ಎಲ್ಲವೂ ಅವನಿಗೆ ಮೊದಲೇ ಗೊತ್ತು. ಹೇಳಿದ್ದು ಸುಳ್ಳಾದರೆ ತಪ್ಪು ಮಳೆಯದು, ಎತ್ತಿನದು, ಗಂಡಿನದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ. ಸತ್ತವರನ್ನು ಆಡಿಕೊಳ್ಳಬಾರದು ಎನ್ನುತ್ತಾರೆ. ನಾನು ಆಡಿಕೊಳ್ಳುತ್ತೇನೆ, ನೀವು ಕೇಳಿಸಿಕೊಳ್ಳಿ.

ನಮ್ಮೂರು ಹನಕೆರೆ ಸ್ಟೇಷನ್ನಿಗೆ ಹತ್ತಿರ. ಜಗಲಿಯ ಮೇಲೆ ಕೂತರೆ ರೈಲಿನ ಕೂಗು ಕೇಳುತ್ತಿತ್ತು. ನಮ್ಮ ಮನೆಯ ನಾಯಿ ಕರಿ ಹಿತ್ತಲಿನ ಹುಲ್ಲಿನ ಮೆದೆಯ ಸಂದಿಯಲ್ಲಿ ನಾಲ್ಕು ಮರಿ ಹಾಕಿತ್ತು. ನಾನೂ ಅಕ್ಕನೂ ಶಾಲೆಯಿಂದ ಬಂದವರೇ ಆ ಸಂದಿಗೆ ತೂರಿಕೊಳ್ಳುತ್ತಿದ್ದೆವು. ಒಣಹುಲ್ಲು, ಹಾಲು, ಮರಿಗಳ ಬೆಚ್ಚನೆಯ ಹೊಟ್ಟೆ, ಎಲ್ಲ ಸೇರಿ ಒಂದು ವಾಸನೆ ಬರುತ್ತಿತ್ತು. ಈಗಲೂ ಎಲ್ಲಾದರೂ ಹುಲ್ಲಿನ ಗಾಡಿ ಹೋದರೆ ನನಗೆ ಆ ವಾಸನೆಯೇ ನೆನಪಾಗುತ್ತದೆ. ಮರಿಗಳಲ್ಲಿ ಒಂದು ಕಂದು ಬಣ್ಣದ ಗಂಡುಮರಿ, ದಪ್ಪ ಕಾಲು, ಅಗಲ ತಲೆ, ನೋಡಿದರೆ ಎತ್ತಿಕೊಳ್ಳಬೇಕು ಅನ್ನಿಸುವಂಥದ್ದು. ಅದು ನನ್ನದು ಎಂದು ನಾನು ಹೇಳಿಬಿಟ್ಟಿದ್ದೆ. ಎಲ್ಲಕ್ಕಿಂತ ಸಣಕಲು ಮರಿಯೊಂದಿತ್ತು. ಅದಕ್ಕೆ ಅಕ್ಕ ಕಡ್ಡಿ ಎಂದು ಹೆಸರಿಟ್ಟಿದ್ದಳು.

ಆ ವರ್ಷ ಮೇಲಿನ ಬೀದಿಯಲ್ಲಿ ನಾಯಿಮರಿಗಳು ಒಂದೊಂದಾಗಿ ಸಾಯತೊಡಗಿದವು. ಮೊದಲು ಕಣ್ಣಿನಲ್ಲಿ ಗೀಜು, ಮೂಗಿನಲ್ಲಿ ಸಿಂಬಳ. ಆಮೇಲೆ ಕೆಮ್ಮು, ಭೇದಿ. ಕೊನೆಗೆ ಬಾಯಲ್ಲಿ ನೊರೆ ಬಂದು, ಕಾಲು ಸೆಟೆದುಕೊಂಡು ಬಿದ್ದು ಒದ್ದಾಡುವುದು. ನಮ್ಮೂರಿನ ಪಂಡಿತರಿಗೆ ಗೊತ್ತಿದ್ದ ಔಷಧಿ ಒಂದೇ, ಕಬ್ಬಿಣ ಕಾಯಿಸಿ ಮರಿಯ ಹಣೆಗೆ ಬರೆ ಹಾಕುವುದು. ಮರಿ ಉಳಿದರೆ ಬರೆಯಿಂದ ಉಳಿಯಿತು, ಸತ್ತರೆ ಅದರ ಹಣೆಬರಹ. ಹೇಗಾದರೂ ಬರೆ ಹಾಕಿದವನೇ ಗೆದ್ದ. ಥೂ!

ನಮ್ಮಪ್ಪ ಮದ್ದೂರಿನ ದನದ ಆಸ್ಪತ್ರೆಗೆ ಹೋಗಿ ಡಾಕ್ಟರನ್ನು ಕೇಳಿಕೊಂಡು ಬಂದರು. ಅದು ಡಿಸ್ಟೆಂಪರ್ ಎಂಬ ರೋಗವಂತೆ. ಬಂದ ಮೇಲೆ ವಾಸಿ ಮಾಡುವ ಔಷಧಿಯಿಲ್ಲ, ಬರುವ ಮುಂಚೆಯೇ ಸೂಜಿ ಹಾಕಿಸಬೇಕು. ದನಗಳಿಗೆ ಸೂಜಿ ಹಾಕಲು ಊರಿಗೆ ಬರುವ ದಿನ ನಾಲ್ಕು ಮರಿಗಳ ಔಷಧಿಯನ್ನೂ ಮಂಜುಗಡ್ಡೆಯಲ್ಲಿಟ್ಟು ತರುತ್ತೇನೆ, ಆ ದಿನವೇ ಹಾಕಬೇಕು, ಇಟ್ಟರೆ ಕೆಡುತ್ತದೆ ಎಂದಿದ್ದರು ಡಾಕ್ಟರು.

ಇದನ್ನು ಕೇಳಿ ದೊಡ್ಡಪ್ಪ ಜಗಲಿಯ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಾಯ್ಗೂ ಸೂಜಿಯೇನ್ಲಾ? ನಾಳೆ ಕೋಳಿಗೆ ಕನ್ನಡಕ ಆಕುಸ್ತೀಯೇನೋ! ಸೂಜಿ ಚುಚ್ಚಿದ್ ನಾಯಿ ಬೊಗಳಾಕಿಲ್ಲ ಕಣ್ಲಾ. ಅದ್ರ ಕೆಚ್ಚೆಲ್ಲ ಆ ತೂತಲ್ಲೇ ಸೋರೋಯ್ತದೆ."

ದೊಡ್ಡಪ್ಪನ ಪ್ರಕಾರ ಸೂಜಿ ಹಾಕಿಸಿದ ಎಮ್ಮೆಯ ಹಾಲೂ ಹೀಗೇ ಸೋರಿಹೋಗುತ್ತಿತ್ತು. ಅದಕ್ಕೇ ಡಾಕ್ಟರು ಬರುವ ದಿನ ಕರೆಯುವ ಎಮ್ಮೆಯನ್ನು ತನ್ನ ಆಲೆಮನೆಯಲ್ಲಿ ಬಚ್ಚಿಟ್ಟು, ಗೊಡ್ಡು ದನಗಳನ್ನು ಮಾತ್ರ ಹೊಡೆದುಕೊಂಡು ಬರುತ್ತಿದ್ದ. ಅವನೊಬ್ಬನೇ ಅಲ್ಲ, ಅರ್ಧ ಊರೇ ಹಾಗೆ ಮಾಡುತ್ತಿತ್ತು. ಒಳ್ಳೆಯದನ್ನು ಬಚ್ಚಿಡುವುದು, ಕೆಲಸಕ್ಕೆ ಬಾರದ್ದನ್ನು ಸೂಜಿಗೆ ಒಡ್ಡುವುದು. ಎಂಥ ಲೆಕ್ಕಾಚಾರ ನೋಡಿ!

ಆ ದಿನ ಬೆಳಿಗ್ಗೆ ಡಾಕ್ಟರು ಮೋಟಾರ್‌ಬೈಕಿನಲ್ಲಿ ಬಂದರು. ಹಿಂದೆ ಕಾಂಪೌಂಡರು ದೊಡ್ಡ ಫ್ಲಾಸ್ಕೊಂದನ್ನು ಮಗುವಿನಂತೆ ಅಪ್ಪಿಕೊಂಡು ಕೂತಿದ್ದರು. ಅರಳಿಮರದ ಕೆಳಗೆ ಆಗಲೇ ದನಗಳು ನಿಂತಿದ್ದವು. ಧೂಳು, ಸಗಣಿ, ಸ್ಪಿರಿಟ್ಟಿನ ಘಾಟು. ನಾನೂ ಅಕ್ಕನೂ ಮರಿಗಳನ್ನು ತರಲು ಮಂಕರಿಗೆ ಹಳೆ ಸೀರೆ ಹಾಸಿಕೊಂಡು ಮೆದೆಯ ಸಂದಿಗೆ ಹೋದರೆ ಅಲ್ಲಿ ಮೂರೇ ಮರಿ! ನನ್ನ ಕಂದು ಮರಿ ಇಲ್ಲ. ಕರಿ ಕುಂಯ್‌ಗುಡುತ್ತ ಹಿತ್ತಲಿನಲ್ಲಿ ಅತ್ತಿಂದಿತ್ತ ಓಡಾಡುತ್ತಿತ್ತು. ಪಕ್ಕದ ದೊಡ್ಡಪ್ಪನ ಕೊಟ್ಟಿಗೆ ನೋಡಿದೆ, ಎಮ್ಮೆಯ ಗೂಟವೂ ಖಾಲಿ. ನನಗೆ ಎಲ್ಲ ಅರ್ಥವಾಯಿತು. ಮೂರು ಮರಿಗಳನ್ನು ಅಕ್ಕನಿಗೆ ಕೊಟ್ಟು, ದೊಡ್ಡಪ್ಪನ ಆಲೆಮನೆಗೆ ಓಡಿದೆ.

ಆಲೆಮನೆ ಎಂದರೆ ಕಬ್ಬು ಅರೆದು ಬೆಲ್ಲ ಮಾಡುವ ಜಾಗ. ಊರಾಚೆ, ಮದ್ದೂರಿಗೆ ಹೋಗುವ ದಾರಿಯ ಪಕ್ಕದಲ್ಲಿತ್ತು. ದೂರದಿಂದಲೇ ಕುದಿಯುವ ಕಬ್ಬಿನ ಹಾಲಿನ ಸಿಹಿ ಹೊಗೆ ಮೂಗಿಗೆ ಅಡರುತ್ತಿತ್ತು. ಕೊಪ್ಪರಿಗೆಯ ಹಿಂದೆ ಎಮ್ಮೆ ಆರಾಮಾಗಿ ಕಬ್ಬಿನ ಸೋಗೆ ಮೇಯುತ್ತಿತ್ತು. ದೊಡ್ಡಪ್ಪ ಕುಕ್ಕರಗಾಲಿನಲ್ಲಿ ಕೂತಿದ್ದ, ತೊಡೆಯ ಮೇಲೆ ನನ್ನ ಮರಿ. ಅದರ ಒಂದು ಕಿವಿಯ ತುದಿಯೇ ಇರಲಿಲ್ಲ. ಗಾಯಕ್ಕೆ ಅರಿಸಿನ ಮೆತ್ತಿದ್ದ, ಅರಿಸಿನದೊಳಗಿಂದ ರಕ್ತ ಒಸರುತ್ತಿತ್ತು. ಕತ್ತರಿಸಿದ ತುದಿಯನ್ನು ಒಲೆಯಲ್ಲಿ ಸುಟ್ಟು, ಬೆಲ್ಲದ ಜೊತೆ ಅದಕ್ಕೇ ತಿನ್ನಿಸುತ್ತಿದ್ದ. ಹಾಗೆ ಮಾಡಿದರೆ ಕೆಟ್ಟ ರಕ್ತ ಹೋಗಿ ರೋಗವೂ ಬರುವುದಿಲ್ಲ, ನಾಯಿ ಭಯಂಕರವೂ ಆಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಭಯಂಕರ ನಾಯಿ ನಡುಗುತ್ತ ಅವನ ಪಂಚೆಯ ಮೇಲೆ ಉಚ್ಚೆ ಹೊಯ್ದಿತ್ತು.

"ನೋಡಮ್ಮಿ, ಇವತ್ತಿಂದ ಇವ್ನೆಸ್ರು ಉಲಿಯ," ಎಂದ. ಹುಲಿಯ! ನನ್ನ ಮರಿಗೆ ನನ್ನನ್ನು ಕೇಳದೆ ಹೆಸರನ್ನೂ ಇಟ್ಟಾಗಿತ್ತು.

"ಮರಿ ಕೊಡು ದೊಡ್ಡಪ್ಪ. ಡಾಕ್ಟ್ರು ಬಂದವ್ರೆ," ಎಂದೆ.

"ಆ ಮೂರ್ಕೂ ಆಕುಸ್ಕೋ ಓಗು. ಎಂಗಿದ್ರೂ ಅವು ಕೆಲ್ಸಕ್ಕೆ ಬಾರದ್ವು. ಇವ್ನ ಮುಟ್ಟುದ್ರೆ ಕೈ ಮುರ್ದಾಕ್ಬುಡ್ತೀನಿ."

ನಾನು ಅಳುತ್ತಲೇ ಅರಳಿಮರದ ಹತ್ತಿರ ವಾಪಸ್ಸು ಓಡಿದೆ. ಅಷ್ಟರಲ್ಲಿ ಮೂರು ಮರಿಗಳಿಗೂ ಸೂಜಿ ಆಗಿತ್ತು. ಸುತ್ತ ನಿಂತಿದ್ದವರಿಗೆ ಅದೊಂದು ಬಿಟ್ಟಿ ನಾಟಕ. "ಬಾಣಂತಿ ಮಕ್ಳು ಬಂದ್ವು, ದಾರಿ ಬುಡ್ರಲಾ," ಎಂದು ಒಬ್ಬ ಕೂಗಿದರೆ ಉಳಿದವರು ಹಲ್ಲು ಕಿರಿಯುತ್ತಿದ್ದರು. ಅವರಲ್ಲಿ ಮೂವರ ಮನೆಯ ಮರಿಗಳು ಆ ತಿಂಗಳೇ ಸತ್ತಿದ್ದವು. ಆದರೂ ನಗು. ಡಾಕ್ಟರು ನಾಲ್ಕನೆಯ ಸೀಸೆಯನ್ನು ಕೈಯಲ್ಲಿ ಹಿಡಿದು, "ಇನ್ನೊಂದು ಮರಿ ಎಲ್ರೀ?" ಎಂದು ಅಪ್ಪನನ್ನು ಕೇಳಿದರು. ಅಪ್ಪ ಕಡ್ಡಿಯ ಬೆನ್ನು ಸವರುತ್ತಲೇ ಇದ್ದರು.

"ದೊಡ್ಡಪ್ಪ ಆಲೆಮನೇಲಿ ಬಚ್ಚಿಟ್ಕಂಡವ್ನೆ!" ಎಂದು ನಾನೇ ಕೂಗಿದೆ.

ಡಾಕ್ಟರು ಸೀಸೆಯನ್ನು ಮತ್ತೆ ಫ್ಲಾಸ್ಕಿಗೆ ಹಾಕಿದರು. "ನಾವು ಹೋಗೋ ದಾರೀಲೇ ಅಲ್ವಾ? ಬನ್ನಿ, ಅಲ್ಲೇ ಹಾಕೋಣ," ಎಂದರು. ನನಗೆ ಹೋದ ಜೀವ ಬಂದ ಹಾಗಾಯಿತು. ಅಪ್ಪನ ಕೈ ಹಿಡಿದು ಎಳೆದುಕೊಂಡೇ ಹೋದೆ. ಕರಿಯೂ ನಮ್ಮ ಹಿಂದೆ ಬಂತು.

ಡಾಕ್ಟರನ್ನು ಕಂಡದ್ದೇ ದೊಡ್ಡಪ್ಪನ ಬೆನ್ನು ಬಿಲ್ಲಿನಂತೆ ಬಗ್ಗಿತು. ತನ್ನ ಟವೆಲಿನಿಂದಲೇ ಕಲ್ಲುಬೆಂಚು ಒರೆಸಿದ. ನಿಂಬೆಹಣ್ಣು ಹಿಂಡಿ ಕಬ್ಬಿನ ಹಾಲು ಕೊಟ್ಟ, ಬಾಳೆಲೆಯ ಚೂರಿನಲ್ಲಿ ಬಿಸಿಬೆಲ್ಲ ಕೊಟ್ಟ. ಮರಿ ಮಾತ್ರ ಎಲ್ಲೂ ಕಾಣಲಿಲ್ಲ.

"ಮರಿಯಾ ಸ್ವಾಮಿ? ಅದ್ನ ಮೊನ್ನೆನೇ ಆತಗೂರಿನ್ ನೆಂಟ್ರು ಎತ್ಕಂಡೋದ್ರು," ಎಂದ. ಮುಖದ ಒಂದು ಕೂದಲೂ ಅಲುಗಲಿಲ್ಲ.

ಅವನ ಮಾತು ಮುಗಿಯುವ ಮುಂಚೆ ಕಬ್ಬಿನ ಸಿಪ್ಪೆಯ ರಾಶಿಯೊಳಗಿಂದ "ಕುಂಯ್" ಎಂದು ಕೇಳಿಸಿತು. ಕರಿ ನೇರ ಅಲ್ಲಿಗೆ ಹೋಗಿ ಎರಡು ಕಾಲಿನಲ್ಲೂ ಸಿಪ್ಪೆ ಕೆದರತೊಡಗಿತು. ರಾಶಿಯೊಳಗೆ ಬೋರಲು ಹಾಕಿದ ಬುಟ್ಟಿಯ ಅಂಚು ಕಂಡಿತು. ಕಾಂಪೌಂಡರು ನಗು ತಡೆಯಲಾರದೆ ಅತ್ತ ತಿರುಗಿದರು. ನಾನು ಬುಟ್ಟಿಯ ಕಡೆ ನುಗ್ಗಿದೆ. ಅಪ್ಪ ನನ್ನ ರಟ್ಟೆ ಹಿಡಿದುಕೊಂಡುಬಿಟ್ಟರು.

"ಸುಮ್ಕಿರಮ್ಮಿ. ದೊಡ್ಡೋರ ಮುಂದೆ ಇಂಗೆಲ್ಲ ಆಡ್ಬಾರ್ದು."

ಡಾಕ್ಟರು ಅಪ್ಪನ ಮುಖವನ್ನೇ ನೋಡಿದರು. "ನಾಯಿ ನಿಮ್ಮನೇದು. ನೀವು ಹೂಂ ಅನ್ನಿ, ಈಗಲೇ ಹಾಕ್ತೀನಿ," ಎಂದರು.

ಒಂದು ಹೂಂ, ಅಷ್ಟೇ. ಅದಕ್ಕೇನು ನೆಲ ಉಳಬೇಕಾಗಿರಲಿಲ್ಲ, ಬಾವಿ ತೋಡಬೇಕಾಗಿರಲಿಲ್ಲ. ಮದ್ದೂರಿಗೆ ಅಲೆದು ಔಷಧಿಗೆ ಹೇಳಿ ಬಂದ ನಮ್ಮಪ್ಪ, ಇಡೀ ಊರು ನಕ್ಕರೂ ಅಲುಗದೆ ನಿಂತ ನಮ್ಮಪ್ಪ, ಅಣ್ಣನ ಎದುರು ನೆಲ ನೋಡಿದರು.

"ಅಣ್ಣ ಏಳ್ದಂಗೆ ಸ್ವಾಮಿ," ಎಂದರು.

ಆ ಮರ್ಯಾದೆಗಿಷ್ಟು ಬೆಂಕಿ ಹಾಕ! ನಮ್ಮಪ್ಪ ಒಳ್ಳೆಯವರು, ನನಗೆ ಅವರೆಂದರೆ ಪ್ರಾಣ. ಆದರೂ ಆ ಮಾತನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಡಾಕ್ಟರು ಕಬ್ಬಿನ ಹಾಲು ಕುಡಿದು ಮುಗಿಸಿ, ಫ್ಲಾಸ್ಕಿನ ಮುಚ್ಚಳ ತೆಗೆದು ನೋಡಿದರು. ಮಂಜುಗಡ್ಡೆ ಕರಗಿ ನೀರಾಗಿತ್ತು. ನೀರನ್ನೂ ಚೆಲ್ಲಿದರು, ಸೀಸೆಯ ಔಷಧಿಯನ್ನೂ ಚೆಲ್ಲಿದರು.

"ಗೌಡ್ರೇ, ಬೆಲ್ಲ ಚೆನ್ನಾಗಿ ಪಾಕ ಬಂದಿದೆ. ಬುದ್ಧಿ ಇನ್ನೂ ಸ್ವಲ್ಪ ಬೇಯಬೇಕಿತ್ತು," ಎಂದು ಹೇಳಿ ಬೈಕು ಹತ್ತಿದರು. ದೊಡ್ಡಪ್ಪ ಬೆಲ್ಲವನ್ನು ಹೊಗಳಿದ್ದಷ್ಟನ್ನೇ ಕೇಳಿಸಿಕೊಂಡ. ಅದನ್ನು ಊರೆಲ್ಲ ಹೇಳಿಕೊಂಡು ಬಂದ.

ಆ ಸಂಜೆಯೇ ಮರಿ ಮತ್ತೆ ಕರಿಯ ಹತ್ತಿರ ಬಂತು. ಕೆಲವು ವಾರ ಕಳೆದ ಮೇಲೆ ಹುಲಿಯನ ಕಣ್ಣಿನಲ್ಲಿ ಗೀಜು ಕಂಡಿತು. ನಾನು ಲಂಗದ ಅಂಚು ಒದ್ದೆ ಮಾಡಿ ಒರೆಸಿದಷ್ಟೂ ಮತ್ತೆ ಬರುತ್ತಿತ್ತು. ಹಾಲು ಕೊಟ್ಟರೆ ಮೂಸಿ ಮುಖ ತಿರುಗಿಸುತ್ತಿತ್ತು. ಕಾಲು ಸೆಟೆದು ಬೀಳಲು ಶುರುವಾದಾಗ ದೊಡ್ಡಪ್ಪ ಬಂದು, ಆ ಅಗಲ ಹಣೆಗೆ ಬರೆಯನ್ನೂ ಹಾಕಿದ. ಮರಿ ಕಿರುಚಿದ್ದು ಸ್ಟೇಷನ್ನಿನವರೆಗೂ ಕೇಳಿಸಿರಬೇಕು. ಮಾರನೆಯ ದಿನ ಹುಲ್ಲಿನ ಮೆದೆಯ ಸಂದಿಯಲ್ಲಿ, ನನ್ನ ಮಡಿಲಿನಲ್ಲೇ ಸತ್ತುಹೋಯಿತು. ನಾನು ಎಷ್ಟು ಅತ್ತೆನೆಂದರೆ ಅಕ್ಕ ಹೆದರಿಕೊಂಡಳು.

"ಯಾರ್ದೋ ಕಣ್ ತಾಕ್ತು. ಮರಿ ಅಷ್ಟು ಲಕ್ಸಣವಾಗಿತ್ತು," ಎಂದ ದೊಡ್ಡಪ್ಪ. ಕೆಟ್ಟ ಮೇಲಾದರೂ ಬುದ್ಧಿ ಬರುತ್ತದೆ ಎನ್ನುತ್ತಾರಲ್ಲ, ಅವನಿಗೆ ಅದೂ ಬರಲಿಲ್ಲ. ಕೆಲಸಕ್ಕೆ ಬಾರದ ಮೂರು ಮರಿಗಳೂ ಬದುಕಿದವು. ಡಾಕ್ಟರು ಹೇಳಿದ ಹೊತ್ತಿಗೆ ಅಪ್ಪ ಅವಕ್ಕೆ ಎರಡನೆಯ ಸೂಜಿಯನ್ನೂ ಹಾಕಿಸಿದರು. ಬೊಗಳುವುದಂತೂ ಕೇಳಲೇಬೇಡಿ. ಕಡ್ಡಿಯ ಬಾಯಿಗೆ ಹೆದರಿ ಅಂಚೆಯವನು ಮೂಲೆಮನೆಯಲ್ಲೇ ಕಾಗದ ಕೊಟ್ಟು ಹೋಗುತ್ತಿದ್ದ. ಕೊನೆಗೆ ದೊಡ್ಡಪ್ಪ ಅದನ್ನೇ ಆಲೆಮನೆಯ ಕಾವಲಿಗೆ ಕಟ್ಟಿಕೊಂಡ. ಬಂದವರಿಗೆಲ್ಲ, "ಉಟ್ಟಿದ್ ದಿನ್ವೇ ನಾನಿದ್ನ ಆರ್ಸಿದ್ದೆ," ಎನ್ನುತ್ತಿದ್ದ. ನಾಚಿಕೆ ಎಂಬುದು ಅಂಗಡಿಯಲ್ಲಿ ಸಿಗುವ ಸಾಮಾನಾಗಿದ್ದರೆ ನಾನೇ ಕೊಂಡು ತಂದುಕೊಡುತ್ತಿದ್ದೆ.

ಈಗ ನಿಮ್ಮ ಕಾಲಕ್ಕೆ ಬರೋಣ, ಮಕ್ಕಳೇ. ಮಂಡ್ಯದ ಈ ಮನೆಯಲ್ಲಿ ನಿಮ್ಮ ಮರಿಗೆ ಹಾಸಿಗೆಯಿದೆ, ಕೊರಳಿಗೆ ಗೆಜ್ಜೆಯಿದೆ, ಚಳಿಗೆ ಸ್ವೆಟರಿದೆ. ಮನೆಗೆ ಬಂದ ದಿನ ಕೇಕು ಕೊಯ್ದು ಫೋಟೋ ತೆಗೆದಿರಿ. ಟೈಗರ್ ಎಂದು ಹೆಸರಿಟ್ಟಿರಿ. ಟೈಗರ್ ಅಂದರೆ ಹುಲಿಯ. ಅವತ್ತು ನಾನು ಎದ್ದು ಒಳಗೆ ಹೋದದ್ದು ಯಾಕೆಂದು ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇಷ್ಟೆಲ್ಲ ಇದ್ದು ಏನು ಬಂತು? ಅದರ ಎರಡನೆಯ ಸೂಜಿಯ ದಿನ ಕಳೆದುಹೋಯಿತು. ಮಂಜುಗಡ್ಡೆ ಹೊತ್ತು ಮದ್ದೂರಿನಿಂದ ಯಾರೂ ಬರಬೇಕಾಗಿಲ್ಲ, ಆಸ್ಪತ್ರೆ ಎರಡು ಬೀದಿಯಾಚೆ ಇದೆ. ಆದರೂ ನಿಮ್ಮಪ್ಪ, ನನ್ನ ಮಗ, ಅಷ್ಟು ಓದಿದವನು, "ಮನೆಯೊಳಗೇ ಇರೋ ನಾಯಿಗೆ ಯಾವ ರೋಗ ಬರುತ್ತೆ? ಅರಿಸಿನ ಕೊಟ್ಟರೆ ಸಾಕಂತೆ, ನೋಡಿಲ್ಲಿ," ಎಂದು ಫೋನು ತೋರಿಸುತ್ತಾನೆ. ನಮ್ಮ ದೊಡ್ಡಪ್ಪ ಸತ್ತ ಎಂದುಕೊಂಡಿದ್ದೆ. ಎಲ್ಲಿ ಸತ್ತ? ಹೋಗಿ ಆ ಫೋನಿನೊಳಗೆ ಕೂತಿದ್ದಾನೆ. ಮೂಲೆಯ ಕಸದ ತೊಟ್ಟಿಯ ಹತ್ತಿರ ಬೀದಿಮರಿಯೊಂದು ಕಣ್ಣಲ್ಲಿ ಗೀಜು ಕಟ್ಟಿಕೊಂಡು ಕೆಮ್ಮುವುದನ್ನು ನಾನು ನಿನ್ನೆ ಕಂಡೆ. ಅಲ್ಲಿ ತುಳಿದ ಚಪ್ಪಲಿಯಲ್ಲೇ ನೀವು ಒಳಗೆ ಬರುತ್ತೀರಿ, ಟೈಗರ್ ಅದನ್ನೇ ಕಚ್ಚಿಕೊಂಡು ಆಡುತ್ತದೆ.

"ಅಜ್ಜಿ, ನೀನೇ ಅಪ್ಪನಿಗೆ ಹೇಳು," ಎಂದು ನನ್ನ ಕಿವಿಯಲ್ಲಿ ಪಿಸುಗುಡುತ್ತೀರಲ್ಲ, ನಾನು ಹೇಳಿದ್ದಾಯಿತು, ಅವನು ಫೋನಿನಿಂದ ತಲೆ ಎತ್ತಲಿಲ್ಲ. ಮರಿ ನಿಮ್ಮದು. ಈಗ ನೀವು ಹೇಳಿ. ಆಸ್ಪತ್ರೆ ಬಾಗಿಲು ಹಾಕುವ ಮುಂಚೆ ಅವನನ್ನು ಕುರ್ಚಿಯಿಂದ ಎಬ್ಬಿಸಿ. ದೊಡ್ಡವರ ಮುಂದೆ ಹೀಗೆಲ್ಲ ಆಡಬಾರದು ಎಂದು ಅವನೇನಾದರೂ ಅಂದರೆ ನನ್ನನ್ನು ಕೂಗಿ. ಈ ಮನೆಯಲ್ಲಿ ಎಲ್ಲರಿಗಿಂತ ದೊಡ್ಡವಳು ನಾನು, ನಾನೇ ಹೇಳುತ್ತಿದ್ದೇನೆ, ಆಡಿ.