ಇನ್ನರ್ಧ ಒಬ್ಬ ಪಾದ್ರಿಯಿಂದ

ಪುಣೆಯ ಧನಕವಡಿಯಲ್ಲಿ ನಮ್ಮ ಉತ್ತರ ಕರ್ನಾಟಕದ ಕಡೆಯ ಜನ ಕೂಡುತ್ತಿದ್ದ ಸಣ್ಣದೊಂದು ಮಠವಿತ್ತು. ಅದರ ಸ್ವಾಮಿಗಳನ್ನು ನಾವೆಲ್ಲ ಅಜ್ಜಾರು ಅನ್ನುತ್ತಿದ್ದೆವು. ತೊಂಬತ್ತರ ದಶಕದಲ್ಲಿ ಅವರ ಮಾತು ಕೇಳಲು ಮರಾಠಿ ಮಂದಿಯೂ ಬರತೊಡಗಿದ್ದರು. ಗಿಡ ಕಡಿಯುವುದು ಬರೀ ನಷ್ಟವಲ್ಲ, ಪಾಪ; ಹೊಳೆಗೆ ಹೊಲಸು ಬಿಟ್ಟು ಬಂದವನ ಪೂಜೆ ದೇವರಿಗೆ ಮುಟ್ಟುವುದಿಲ್ಲ ಎಂದು ಅವರು ಹೇಳುವಾಗ ಸಭೆಯಲ್ಲಿ ಒಬ್ಬರೂ ಕೆಮ್ಮುತ್ತಿರಲಿಲ್ಲ. ನಾನು ಶಿವಾಜಿನಗರದ ಕಾಲೇಜೊಂದರಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದೆ. ಈ ವಿಚಾರಗಳು ಅವರಿಗೆ ಎಲ್ಲಿಂದ ಬಂದವು ಅಂತ ಒಂದು ಪುಸ್ತಕ ಬರೆಯುತ್ತೇನೆಂದಾಗ ಮಠದ ಟ್ರಸ್ಟ್ ಖುಷಿಯಿಂದ ಒಪ್ಪಿತು.

ಮೊದಲ ದಿನವೇ ಅಜ್ಜಾರು ಮುಚ್ಚುಮರೆಯಿಲ್ಲದೆ ಹೇಳಿದರು: "ಅರ್ಧ ನಮ್ಮ ಶರಣರಿಂದ ಬಂತವ್ವಾ. ಇನ್ನರ್ಧ ಒಬ್ಬ ಪಾದ್ರಿಯಿಂದ."

ಹರೆಯದಲ್ಲಿ ಓದಲು ಪುಣೆಗೆ ಬಂದಾಗ ಅವರಿಗೆ ಬೆಳಗಾವಿ ಕಡೆಯ ಫಾದರ್ ಒಬ್ಬರ ಸ್ನೇಹವಾಗಿತ್ತು. ಪಾದ್ರಿಗಳಾಗಲು ಬಂದ ಹುಡುಗರಿಗೆ ಆ ಫಾದರ್ ಪಾಠ ಹೇಳುತ್ತಿದ್ದರಂತೆ.

"ಅವರು ಅಂತಿದ್ರು, ಗಿಡಾ ನಿನಗಾಗಿ ಹುಟ್ಟಿಲ್ಲ, ದೇವರು ತನ್ನ ಸಂತೋಷಕ್ಕ ಮಾಡ್ಯಾನ ಅಂತ. ನಾ ಕೇಳತಿದ್ದೆ, ಮಾಡಿ ಹೊರಗ ನಿಂತಾನೇನ್ರಿ ನಿಮ್ಮ ದೇವರು? ನಮ್ಮಾಂವ ಗಿಡದಾಗ ಅದಾನ. ಹಿಂಗ ವರ್ಷಗಟ್ಟಲೆ ಜಗಳಾಡೇವಿ. ಈಗ ನಾ ಹೇಳೂದೆಲ್ಲಾ ಆ ಜಗಳದಾಗ ಹುಟ್ಟಿದ್ದು."

ಆ ಫಾದರ್ ಇನ್ನೂ ಪುಣೆಯಲ್ಲೇ ಇದ್ದರು. ನಾನು ಹುಡುಕಿಕೊಂಡು ಹೋದಾಗ ವೃದ್ಧ ಪಾದ್ರಿಗಳ ಮನೆಯ ಅಂಗಳದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಅಜ್ಜಾರ ಸುದ್ದಿ ತೆಗೆದದ್ದೇ ಮುಖ ಅರಳಿತು. "ಅಂವಾ ಇನ್ನೂ ಜಗಳಾ ತಗೀತಾನೇನು?" ಎಂದು ನಕ್ಕರು. "ದೇವರು ಮಾಡಿ ಕೈ ತೊಳಕೊಂಡಿಲ್ಲ, ಇದರೊಳಗೇ ಅದಾನ ಅಂತ ನನಗ ತಿಳಿದದ್ದು ಅವನಿಂದ."

ಇದಿಷ್ಟನ್ನೂ ಒಂದು ಅಧ್ಯಾಯ ಮಾಡಿದೆ. ಓದಿದ ಟ್ರಸ್ಟಿನ ಅಧ್ಯಕ್ಷರು, ಬಟ್ಟೆ ವ್ಯಾಪಾರದ ಗಟ್ಟಿ ಕುಳ, ನನ್ನನ್ನು ಕರೆಸಿದರು.

"ಮೇಡಮ್, ಆ ಪಾದ್ರಿ ಸುದ್ದಿ ತಗದುಬಿಡ್ರಿ. ನಮ್ಮದಾ ಇಷ್ಟು ಇರುವಾಗ ಮಂದೀ ಹಂಗು ಯಾಕ್ರಿ?"

"ಅಜ್ಜಾರ ಹೇಳ್ಯಾರಲ್ರಿ."

"ಅಜ್ಜಾರು ಹೇಳ್ತಾರ. ಮಠಾ ನಡಸಾವ್ರು ನಾವು."

ನೇರ ಅಜ್ಜಾರ ಕೋಣೆಗೆ ಹೋದೆ. ಅವರು ಕಿಟಕಿಯ ಹೊರಗೆ ನೋಡುತ್ತಲೇ, "ಬೇರು ಮಣ್ಣಾಗ ಇರಲಿ ಬಿಡವ್ವಾ. ಕೆದರಿದ್ರ ಗಿಡಾ ಒಣಗತದ" ಅಂದರು. ಅಂಜಿಕೆಗೆ ಇಷ್ಟು ಚಂದದ ಮಾತು ಹೊಂದಿಸಿದ್ದು ನೋಡಿ ಮೈ ಉರಿಯಿತು.

"ಗಿಡಾ ಒಣಗೂದಿಲ್ರಿ ಅಜ್ಜಾರ. ಅಧ್ಯಕ್ಷರು ಸಿಟ್ಟಾಗತಾರ, ಅಷ್ಟ."

ಅಧ್ಯಾಯವನ್ನು ನಾನು ತೆಗೆಯಲಿಲ್ಲ, ಟ್ರಸ್ಟಿನವರೇ ತೆಗೆದರು. ಹಾಗಿದ್ದರೆ ನನ್ನ ಹೆಸರೂ ಬೇಡ ಅಂದೆ. ಆ ಒಂದು ಮಾತನ್ನು ತಕ್ಷಣ ನಡೆಸಿಕೊಟ್ಟರು.

ಪುಸ್ತಕ ಬಿಡುಗಡೆಗೆ ಫಾದರ್ ಯಾರೂ ಕರೆಯದೆ ಬಂದಿದ್ದರು. ಕೊನೆಯ ಸಾಲಿನಲ್ಲಿ ಕೂತರು. ಭಾಷಣಕಾರರೊಬ್ಬರು ಈ ಚಿಂತನೆಗೆ ಹೊರಗಿನ ಗಾಳಿಯೇ ಸೋಕಿಲ್ಲವೆಂದಾಗ ಚಪ್ಪಾಳೆ ಬಿತ್ತು. ಅಜ್ಜಾರು ಫಾದರನ್ನು ನೋಡಿದರು. ನೋಡಿದ್ದನ್ನು ನಾನು ಕಂಡೆ. ಈಗಲಾದರೂ ಹೇಳುತ್ತಾರೆಂದು ಕಾದೆ. ಅವರು ಹೊಳೆಯ ಬಗ್ಗೆ, ಗುಬ್ಬಿಗಳ ಬಗ್ಗೆ ಭಾಳ ಹೊತ್ತು ಮಾತಾಡಿ, ಕೈಮುಗಿದು ಒಳಗೆ ಹೋದರು.

ಫಾದರನ್ನು ರಿಕ್ಷಾದವರೆಗೆ ಕರೆದೊಯ್ಯುವಾಗ, "ನಿಮಗ ಅನ್ಯಾಯ ಆತ್ರಿ" ಅಂದೆ.

ಅವರು ನಿಂತರು. "ನಾನೂ ಒಂದು ಪುಸ್ತಕ ಬರದಿದ್ದೆ, ಮೇಡಮ್. ಅದರಾಗ ಅವನ ಹೆಸರಿತ್ತು. ನಮ್ಮ ಮ್ಯಾಲಿನವರು ಬ್ಯಾಡ ಅಂದ್ರು. ತಗದೆ."

"ಅಜ್ಜಾರಿಗೆ ಗೊತ್ತದೇನ್ರಿ?"

"ನಾನೇ ಒಂದು ಪ್ರತಿ ಕೊಟ್ಟು ಬಂದಿದ್ದೆ. ಓದಿದ. ಆಮ್ಯಾಲೆ ಬರೂದು ಬಿಟ್ಟ."

ಅಜ್ಜಾರು ನನಗೆ ಎಲ್ಲ ಹೇಳಿದ್ದರು, ಇದೊಂದನ್ನು ಬಿಟ್ಟು. ಅವತ್ತು ವೇದಿಕೆಯ ಮೇಲೆ ಅವರ ಬಾಯಿ ಕಟ್ಟಿದ್ದು ಹೆದರಿಕೆಯೋ ಹಳೆಯ ಸೇಡೋ ನನಗೆ ಇಂದಿಗೂ ಗೊತ್ತಿಲ್ಲ. ಒಬ್ಬರ ಮೇಲಿದ್ದ ಸಿಟ್ಟು ಇಬ್ಬರ ಮೇಲಾಯಿತು, ಕಡಿಮೆಯೇನೂ ಆಗಲಿಲ್ಲ. ಆದರೂ ಮುಂದಿನ ವಾರ ಅಜ್ಜಾರಲ್ಲಿಗೆ ಹೋಗಿ, "ನಡೀರಿ, ಭೆಟ್ಟಿ ಮಾಡಸತೇನಿ" ಅಂದೆ. "ನೋಡೋಣು" ಅಂದರು. ಹಾಗೆ ಅನ್ನುತ್ತಲೇ ವರ್ಷಗಳು ಹೋದವು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಮಳೆಗಾಲದಲ್ಲಿ ಫಾದರ್ ತೀರಿಕೊಂಡರು. ಸುದ್ದಿ ಮುಟ್ಟಿಸಿದವಳು ನಾನೇ. ಅಜ್ಜಾರು ಎದುರಿಗಿದ್ದ ತಾಟನ್ನು ಸರಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮರುದಿನವೂ ಉಣ್ಣಲಿಲ್ಲ.

ಅದರ ಮರುದಿನ ಪತ್ರಿಕೆಯಲ್ಲಿ ಟ್ರಸ್ಟಿನ ಹೇಳಿಕೆ ಬಂತು: ಪರಿಸರ ರಕ್ಷಣೆಗಾಗಿ ಪೂಜ್ಯರ ಉಪವಾಸ. ಮಠದ ಮುಂದೆ ಜನ ಸಾಲುಗಟ್ಟಿದರು. ಅಧ್ಯಕ್ಷರು ಬಾಗಿಲಲ್ಲೇ ನಿಂತು ಹಾರ ಇಸಿದುಕೊಳ್ಳುತ್ತಿದ್ದರು. ಅಜ್ಜಾರು ಹೊರಗೆ ಬಂದು, ಎಲ್ಲರ ಕೈಯಿಂದ ನಮಸ್ಕಾರ ಮಾಡಿಸಿಕೊಂಡು, ಉಪವಾಸ ಪರಿಸರಕ್ಕಲ್ಲ ಅನ್ನದೆ ಕೂತರು. ಆಮೇಲೆ ನಾನು ಆ ಕಡೆ ಹೋಗಲಿಲ್ಲ.