ಸಮಬಲ ಕೇಳಿ ಕೆಟ್ಟೆ

“ಯಾವ ಮಂಗ್ಯಾಲೇ ಇಂವಾ? ಧೈರ್ಯ ಇದ್ರ ಎದುರಿಗೆ ಬಾ!” ಎಂದು ಕಂಪ್ಯೂಟರಿಗೆ ಕೂಗಿದೆ. ಪಕ್ಕದ ಪ್ಲೈವುಡ್ ಗೋಡೆಯ ಮೇಲಿಂದ ನರೆತ ತಲೆಯೊಂದು ಎದ್ದಿತು.

“ನಾನಪಾ,” ಎಂದರು ಅಕ್ಕೋರು. ನಾಲ್ಕನೇ ತರಗತಿಯಲ್ಲಿ ನನಗೆ ಕಲಿಸಿದವರು, ನಿವೃತ್ತರಾದ ಮೇಲೆ ಹೊತ್ತು ಕಳೆಯಲು ಈ ಬಾಗಲಕೋಟೆಯ ಸೈಬರ್ ಕೆಫೆಗೆ ಬರುತ್ತಿದ್ದರಂತೆ. ಇಂಟರ್ನೆಟ್ಟಿನ ಕತ್ತಿ ಕಾಳಗದಲ್ಲಿ ನನ್ನನ್ನು ಒಂದೇ ಏಟಿಗೆ ಉರುಳಿಸುತ್ತಿದ್ದ ಉಕ್ಕಿನ ಕವಚದ ವೀರ ಅವರೇ!

ಎದ್ದು ನಿಂತು ಕ್ಷಮೆ ಕೇಳಿದೆ. ಆದರೂ ಹೊಟ್ಟೆಯುರಿ ತಣಿಯಲಿಲ್ಲ. “ಅಕ್ಕೋರ, ಇದು ನ್ಯಾಯ ಅಲ್ರಿ. ಭಾಳ ದಿನ ಆಡಿದವರಿಗೆ ಈ ಆಟ ಹೆಚ್ಚಿನ ಬಲ ಕೊಡ್ತೈತಿ. ನಾ ಎಷ್ಟು ಹೊಡದ್ರೂ ನಿಮಗ ಗೀರು ಬೀಳಂಗಿಲ್ಲ.”

ಅವರು ಕನ್ನಡಕವನ್ನು ಸೆರಗಿನಿಂದ ಒರೆಸುತ್ತ ಯೋಚಿಸಿದರು. “ಖರೆ ಐತಿ. ಏಳನೇ ಕ್ಲಾಸಿನವ್ರನ್ನ ಒಂದನೇ ಕ್ಲಾಸಿನವ್ರ ಜೋಡಿ ಕುಸ್ತಿಗೆ ಬಿಟ್ಟಂಗಾತು. ತಡಿ, ನಾನೂ ಹೊಸದಾಗಿ ಶುರು ಮಾಡ್ತೇನಿ.”

ಆಟದಲ್ಲಿ ನನ್ನ ವೀರನಂಥ ಇನ್ನೊಬ್ಬ ಬಡಪಾಯಿಯನ್ನು ಸೃಷ್ಟಿಸಿದರು. ಅವನಿಗೆ ಕವಚವಿಲ್ಲ, ಕೈಯಲ್ಲಿ ಬರೀ ಮರದ ಕತ್ತಿ. ಕೆಫೆಯಲ್ಲಿದ್ದವರೆಲ್ಲ ತಮ್ಮ ಕೆಲಸ ಬಿಟ್ಟು ನಮ್ಮ ಹಿಂದೆ ನೆರೆದರು. ನಾನು ಬೆರಳ ನೆಟಿಗೆ ಮುರಿದು ಕುಳಿತೆ.

ಯಾವ ಗುಂಡಿ ಒತ್ತಲಿ ಎಂದು ನಾನು ನೋಡುವಷ್ಟರಲ್ಲಿ ಅಕ್ಕೋರು ನನ್ನ ವೀರನ ಬೆನ್ನ ಹಿಂದೆ ಬಂದು ಬಾರಿಸತೊಡಗಿದ್ದರು. ಅವನು ತಿರುಗುವ ಮೊದಲೇ ಸತ್ತ. ಜನ ಚಪ್ಪಾಳೆ ತಟ್ಟಿದರು. ಅಕ್ಕೋರು ಮೆತ್ತಗೆ, “ಈಗ ನ್ಯಾಯ ಆತೇನಪಾ?” ಎಂದು ಕೇಳಿದರು.

ಆಟದಲ್ಲಿ ಎಲ್ಲರಿಗೂ ಸಮಬಲ ಇರಬೇಕೆಂದು ನಾನು ಇವತ್ತಿಗೂ ವಾದಿಸುತ್ತೇನೆ. ಆದರೆ ಸ್ವಲ್ಪ ಸಣ್ಣ ದನಿಯಲ್ಲಿ. ಕವಚದವನ ಕೈಲಿ ಸೋತಾಗ ಹೇಳಿಕೊಳ್ಳಲು ನೆಪವಾದರೂ ಇತ್ತು.